ಮಳೆಗಾಲದ ಕರೆಂಟನ್ನು ನಂಬಿ ಯೀಸ್ಟ್ ಫ್ರೀಜರ್‌ನಲ್ಲಿ ಇಡಬಹುದಾ? ಗ್ಲಿಸರಿನ್ ಟ್ಯೂಬ್, ನೀರಿನ ಟ್ಯೂಬ್, ಸ್ಲ್ಯಾಂಟ್

ಕಾಫಿಕಣ_ಪೊನ್ನಂಪೇಟೆ
ದ್ರವರೂಪದ ಏಲ್ (ಒಂದು ಬಗೆಯ ಬಿಯರ್) ಯೀಸ್ಟ್ ಒಂದು ಪ್ಯಾಕೆಟ್ ಇದೆ. ಈ ತಳಿ ಒಣ ಯೀಸ್ಟ್ ಆಗಿ ಸಿಗುವುದಿಲ್ಲ, ಪ್ರತಿ ಸಲ ಐಸ್ ಪ್ಯಾಕ್ ಹಾಕಿಸಿ ಬೆಂಗಳೂರಿನಿಂದ ತರಿಸುವುದು ಕೈಗೆಟುಕುವ ಮಾತಲ್ಲ. ಒಂದರಿಂದ ಹತ್ತು ಹನ್ನೆರಡು ಟ್ಯೂಬ್ ಮಾಡಿ ಫ್ರೀಜರ್‌ಗೆ ಹಾಕುವ ಯೋಚನೆ. ಗ್ಲಿಸರಿನ್ ಎಷ್ಟು ಸೇರಿಸಬೇಕು? ಮೆಡಿಕಲ್ ಶಾಪಿನದ್ದು ನಡೆಯುತ್ತದಾ? ಫ್ರಿಜ್ ಎರಡು ಬಾಗಿಲಿನ ಫ್ರಾಸ್ಟ್ ಫ್ರೀ. ಜೂನ್ ಬಂತೆಂದರೆ ಕರೆಂಟಿನ ಪಾಡು ಎಲ್ಲರಿಗೂ ಗೊತ್ತು, ತಂತಿ ಮೇಲೆ ಮರ ಬಿದ್ದರೆ ಎರಡು ಮೂರು ದಿನ ಕತ್ತಲೆಯೇ.

ನಿರ್ವಾಹಕ
ಎಂದಿನ ಸೂಚನೆ: ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಇಲ್ಲಿ ಯೀಸ್ಟ್ ಕಾಪಿಡುವ ವಿದ್ಯೆಯ ಬಗ್ಗೆ ಮಾತ್ರ ಚರ್ಚೆ. ಮಾರಾಟ, ಖರೀದಿಯ ಮಾತು ಬಂದರೆ ತೆಗೆಯಲಾಗುವುದು.

ಲ್ಯಾಬ್‌ಕೋಟು_ಮಡಿಕೇರಿ
ಮೊದಲು ಫ್ರೀಜರ್‌ನಲ್ಲಿ ಯೀಸ್ಟ್ ಯಾಕೆ ಸಾಯುತ್ತದೆ ಅಂತ ತಿಳಿದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ತಣ್ಣಗಾಗುವುದು ತೀರಾ ವೇಗವಾದರೆ ಕೋಶದ ಒಳಗಿನ ನೀರೇ ಹರಳುಗಟ್ಟಿ ಪೊರೆಯನ್ನು ಹರಿಯುತ್ತದೆ. ತೀರಾ ನಿಧಾನವಾದರೆ ಹೊರಗಿನ ನೀರು ಮೊದಲು ಮಂಜಾಗುತ್ತದೆ, ಉಳಿದ ದ್ರವದಲ್ಲಿ ಲವಣಾಂಶ ಏರಿ ಕೋಶದೊಳಗಿನ ನೀರನ್ನೆಲ್ಲ ಎಳೆದುಕೊಳ್ಳುತ್ತದೆ. ಗ್ಲಿಸರಿನ್ ಕೋಶದ ಒಳಗೂ ಹೊರಗೂ ಸೇರಿಕೊಂಡು ಮಂಜಾಗುವ ನೀರಿನ ಪ್ರಮಾಣವನ್ನೇ ತಗ್ಗಿಸುತ್ತದೆ, ಅಷ್ಟೇ ಅದರ ಕೆಲಸ. ಅದು ಔಷಧಿ ಅಲ್ಲ. ಬ್ಯಾಕ್ಟೀರಿಯಾವನ್ನು ಕೊಲ್ಲುವುದೂ ಇಲ್ಲ, ಯೀಸ್ಟನ್ನು ಹೇಗೆ ಕಾಪಾಡುತ್ತದೋ ಜೊತೆಗೆ ಸೇರಿಕೊಂಡ ಲ್ಯಾಕ್ಟೋಬ್ಯಾಸಿಲಸ್ಸನ್ನೂ ಹಾಗೇ ಕಾಪಾಡುತ್ತದೆ.

ಟ್ಯೂಬಿನಲ್ಲಿ ಕೊನೆಗೆ ಗ್ಲಿಸರಿನ್ 20ರಿಂದ 25 ಶೇಕಡಾ ಇದ್ದರೆ ಸಾಕು. ಮೆಡಿಕಲ್ ಶಾಪಿನದ್ದಾದರೆ ಲೇಬಲ್ ಮೇಲೆ ಐಪಿ (ಇಂಡಿಯನ್ ಫಾರ್ಮಕೋಪಿಯಾ, ಅಂದರೆ ಔಷಧ ದರ್ಜೆ) ಅಂತ ಇರಲೇಬೇಕು, ಇಲ್ಲವೇ ಕೇಕ್ ಸಾಮಾನಿನ ಅಂಗಡಿಯ ಖಾದ್ಯ ದರ್ಜೆಯದ್ದು. ಕೈಕಾಲಿಗೆ ಹಚ್ಚುವ, ಗುಲಾಬಿ ನೀರು ಬೆರೆಸಿದ ಬಾಟಲಿ ಬೇಡ. ಗ್ಲಿಸರಿನ್ ಅಂಟಂಟಾಗಿ ಅಳತೆ ಪಾತ್ರೆಗೇ ಮೆತ್ತಿಕೊಳ್ಳುತ್ತದೆ, ಹಾಗಾಗಿ ತಕ್ಕಡಿಯಲ್ಲಿ ತೂಗಿ: 63 ಗ್ರಾಂ ಗ್ಲಿಸರಿನ್, 50 ಗ್ರಾಂ ನೀರು. ಇದು ಗಾತ್ರದ ಲೆಕ್ಕದಲ್ಲಿ ಅರ್ಧಕ್ಕರ್ಧ. ಚಿಕ್ಕ ಬಾಟಲಿಗೆ ಹಾಕಿ ಕುಕ್ಕರ್‌ನಲ್ಲಿ ಬೇಯಿಸಿ ತಣಿಸಿ. ಯೀಸ್ಟ್ ಗಸಿ ಒಂದು ಪಾಲು, ಈ ದ್ರಾವಣ ಒಂದು ಪಾಲು ಸೇರಿಸಿದರೆ ಗ್ಲಿಸರಿನ್ 25 ಶೇಕಡಾಕ್ಕೆ ಬಂದು ನಿಲ್ಲುತ್ತದೆ.

ಇನ್ನು ಯೀಸ್ಟ್. ಪ್ಯಾಕೆಟ್ಟಿನಿಂದ ನೇರ ಟ್ಯೂಬಿಗೆ ಬೇಡ, ಬಿಯರ್ ಆದ ಮೇಲೆ ತಳದಲ್ಲಿ ಉಳಿದದ್ದಂತೂ ಬೇಡವೇ ಬೇಡ. ಅದರಲ್ಲಿ ಹಾಪ್ಸ್ ಕಸ, ಸತ್ತ ಕೋಶ, ಪ್ರೋಟೀನ್ ಗಸಿ ಎಲ್ಲ ಕೂಡಿರುತ್ತದೆ. 1 ಲೀಟರ್ ನೀರಿಗೆ 100 ಗ್ರಾಂ ಒಣ ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್ (ಮೊಳಕೆ ಬಾರ್ಲಿಯ ಸಾರದ ಪುಡಿ) ಹಾಕಿ 10 ನಿಮಿಷ ಕುದಿಸಿದರೆ ಗ್ರಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ) 1.037ರ ಆಸುಪಾಸು ಬರುತ್ತದೆ. 20 ಡಿಗ್ರಿಗೆ ತಣಿಸಿ ಯೀಸ್ಟ್ ಹಾಕಿ, ಸಕ್ಕರೆ ಪೂರ್ತಿ ತಿಂದು ಮುಗಿಸುವವರೆಗೆ ಬಿಡಿ. ಜೋರಾಗಿ ನೊರೆ ಏಳುತ್ತಿರುವಾಗ ತೆಗೆದರೆ ಯೀಸ್ಟ್ ಚುರುಕಾಗಿ ಕಾಣುತ್ತದೆ ನಿಜ, ಆದರೆ ಚಳಿ ತಡೆಯುವ ಶಕ್ತಿ ಅದಕ್ಕೆ ಇರುವುದಿಲ್ಲ. ಬೆಳವಣಿಗೆ ನಿಂತ ಮೇಲೆಯೇ ಕೋಶಗಳು ಟ್ರೆಹಲೋಸ್, ಗ್ಲೈಕೋಜನ್ ಎಂಬ ಸಕ್ಕರೆ ದಾಸ್ತಾನು ಕೂಡಿಡುವುದು. ಟ್ರೆಹಲೋಸ್ ಪೊರೆಗೆ ಕಾವಲು. ಆಮೇಲೆ ಎರಡು ದಿನ ಫ್ರಿಜ್‌ನ ಕೆಳಭಾಗದಲ್ಲಿ ಇಟ್ಟು, ಮೇಲಿನ ತಿಳಿ ಚೆಲ್ಲಿ, ತಳದಲ್ಲಿ ಕೂತ ಕೆನೆಬಣ್ಣದ ಗಸಿಯನ್ನಷ್ಟೇ ತೆಗೆದುಕೊಳ್ಳಿ.

15 ಮಿಲಿ ಕೋನ್ ತಳದ ಪಾಲಿಪ್ರೊಪಿಲೀನ್ ಟ್ಯೂಬ್ ಒಳ್ಳೆಯದು. 5 ಮಿಲಿ ಗಸಿ, 5 ಮಿಲಿ ದ್ರಾವಣ ಹಾಕಿ, ಮೇಲೆ ಜಾಗ ಬಿಡಿ, ಮೇಲೆ ಕೆಳಗೆ ಮಾಡಿ ಚೆನ್ನಾಗಿ ಬೆರೆಸಿ. ಕೂಡಲೇ ಫ್ರೀಜರ್‌ಗೆ ಹಾಕಬೇಡಿ. ಒಂದು ದಿನ ಕೆಳಗಿನ ತಟ್ಟೆಯಲ್ಲಿರಲಿ, ಗ್ಲಿಸರಿನ್ ಒಳಗಿಳಿಯಲು ಸಮಯ ಬೇಕು. ಆಮೇಲೆ ದಪ್ಪ ಥರ್ಮೋಕೋಲ್ ಡಬ್ಬಿಯಲ್ಲಿ ಮುಚ್ಚಿ ಫ್ರೀಜರ್‌ಗೆ. ಪ್ರಯೋಗಾಲಯಗಳಲ್ಲಿ ನಿಮಿಷಕ್ಕೆ 1 ಡಿಗ್ರಿಯ ಹಾಗೆ ಇಳಿಸುತ್ತಾರೆ. ಮನೆಯಲ್ಲಿ ಅಷ್ಟು ಕರಾರುವಾಕ್ಕಾಗಿ ಆಗುವುದಿಲ್ಲ, ಥರ್ಮೋಕೋಲ್ ಆ ಕಡೆಗೆ ಸ್ವಲ್ಪ ಒಯ್ಯುತ್ತದೆ.

ಸಂಪಾಜೆಘಾಟಿ
ಇಷ್ಟೆಲ್ಲ ಯಾಕೆ ಮಾರಾಯ್ರೇ? 11.5 ಗ್ರಾಂನ ಒಣ ಏಲ್ ಯೀಸ್ಟ್ ಪ್ಯಾಕೆಟ್ಟು ಒಡೆಯದೆ ಫ್ರಿಜ್‌ನಲ್ಲಿಟ್ಟರೆ ಎರಡು ವರ್ಷ ಅಲ್ಲಾಡುವುದಿಲ್ಲ. ಮೂರು ದಿನ ಕರೆಂಟ್ ಹೋದರೂ ಅದಕ್ಕೆ ಏನೂ ಆಗುವುದಿಲ್ಲ. ಗ್ಲಿಸರಿನ್, ಟ್ಯೂಬು, ಮಾಲ್ಟ್, ಇದರೆಲ್ಲದರ ಖರ್ಚು ಕೂಡಿಸಿ ನೋಡಿ.

ಲ್ಯಾಬ್‌ಕೋಟು_ಮಡಿಕೇರಿ
ಒಣದಾಗಿ ಸಿಗುವ ತಳಿಗೆ ನಿಮ್ಮ ಮಾತು ನೂರಕ್ಕೆ ನೂರು ಸರಿ. ಅದನ್ನು ಗ್ಲಿಸರಿನ್‌ನಲ್ಲಿ ಇಡುವುದು ಕೆಲಸವಿಲ್ಲದವರ ಕೆಲಸ. ಕೇಳಿದವರ ಬಳಿ ಇರುವುದು ದ್ರವದಲ್ಲಷ್ಟೇ ಸಿಗುವ ತಳಿ, ಅದಕ್ಕೆ ಇಷ್ಟು ಹೇಳಿದ್ದು.

ನಾಪೋಕ್ಲು_ಭರಣಿ
ಬಿಯರ್ ಅಲ್ಲ, ವೈನಿನದ್ದು ನನ್ನ ಪ್ರಶ್ನೆ. 5 ಗ್ರಾಂ ವೈನ್ ಯೀಸ್ಟ್ ಪ್ಯಾಕೆಟ್ 20 ಲೀಟರಿಗೆ ಅಂತ ಬರೆದಿರುತ್ತಾರೆ. ನಮ್ಮ ಭರಣಿಗೆ ಹಿಡಿಯುವುದು 5 ಲೀಟರ್. ಉಳಿದದ್ದನ್ನು ಫ್ರೀಜರ್‌ನಲ್ಲಿ ಇಡಬಹುದಾ? ಇಲ್ಲವಾದರೆ ಪ್ಯಾಶನ್ ಫ್ರೂಟ್ ವೈನಿನ ತಳದ ಮಡ್ಡಿಯನ್ನೇ ತೆಗೆದಿಟ್ಟು ಮುಂದಿನ ಸಲ ಹಾಕಿದರೆ?

ಹಾರಂಗಿ_ಹುದುಗು
ಅಕ್ಕ, ಮಡ್ಡಿ ಬೇಡ. 12 ಶೇಕಡಾ ಆಲ್ಕೋಹಾಲಿನಲ್ಲಿ ವಾರಗಟ್ಟಲೆ ಕೂತ ಯೀಸ್ಟ್ ಅರೆಜೀವ ಆಗಿರುತ್ತದೆ. ಅದರ ಮೇಲೆ ಗ್ಲಿಸರಿನ್, ಅದರ ಮೇಲೆ ಫ್ರೀಜರ್ ಅಂದರೆ ಹೆಚ್ಚಿನ ಪಾಲು ಏಳುವುದೇ ಇಲ್ಲ. ಹಣ್ಣಿನ ಸಿಪ್ಪೆಯ ಕಾಡು ಯೀಸ್ಟು, ವಿನೆಗರ್ ಬ್ಯಾಕ್ಟೀರಿಯಾ ಕೂಡ ಅದರಲ್ಲೇ ಇರುತ್ತವೆ.

ಒಡೆದ ಒಣ ಪ್ಯಾಕೆಟ್ಟಿಗೆ ಶತ್ರು ತೇವ, ಆಮೇಲೆ ಗಾಳಿ. ನಮ್ಮ ಮಳೆಗಾಲದಲ್ಲಿ ಪ್ಯಾಕೆಟ್ ತೆರೆದು ಐದು ನಿಮಿಷ ಮೇಜಿನ ಮೇಲೆ ಬಿಟ್ಟರೂ ಕಾಳು ಅಂಟಲು ಶುರು. ತೆರೆದ ಕೂಡಲೇ ಬೇಕಾದಷ್ಟು ತೂಗಿ ತೆಗೆದು, ಬಾಯಿ ಎರಡು ಮಡಿಕೆ ಮಡಚಿ ಟೇಪ್ ಹಾಕಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬಿಗಿ ಮುಚ್ಚಳದ ಗಾಜಿನ ಬಾಟಲಿಗೆ ಹಾಕಿ ಫ್ರೀಜರ್‌ಗೆ ಇಡಿ. ಇದಕ್ಕೆ ಗ್ಲಿಸರಿನ್ ಬೇಡ, ಒಣಗಿದ ಕೋಶದಲ್ಲಿ ಮಂಜಾಗುವಷ್ಟು ನೀರೇ ಇಲ್ಲ. ಮತ್ತೆ ಹೊರಗೆ ತೆಗೆದಾಗ ಬಾಟಲಿ ಕೋಣೆಯ ಬಿಸಿಗೆ ಬಂದ ಮೇಲೆಯೇ ಮುಚ್ಚಳ ತೆರೆಯಿರಿ. ತಣ್ಣಗಿರುವಾಗ ತೆರೆದರೆ ಗಾಳಿಯ ತೇವವೆಲ್ಲ ಯೀಸ್ಟಿನ ಮೇಲೆ ಬೆವರಾಗಿ ಕೂರುತ್ತದೆ. ಕಂಪನಿಯವರು ತೆರೆದದ್ದನ್ನು ಕೆಲವೇ ದಿನಗಳಲ್ಲಿ ಬಳಸಿ ಅನ್ನುತ್ತಾರೆ. ಹಾಗಾಗಿ ತಿಂಗಳುಗಳ ಮೇಲೆ ಬಳಸುವುದಾದರೆ ಅಳತೆ ಸ್ವಲ್ಪ ಹೆಚ್ಚು ಹಾಕಿ, ಮೊದಲು 35ರಿಂದ 40 ಡಿಗ್ರಿಯ ನೀರಿನಲ್ಲಿ 15 ನಿಮಿಷ ನೆನೆಸಿ.

ಕಾಫಿಕಣ_ಪೊನ್ನಂಪೇಟೆ
ಫ್ರಾಸ್ಟ್ ಫ್ರೀ ಬಗ್ಗೆ ಯಾರೂ ಹೇಳಲಿಲ್ಲ?

ಹಾರಂಗಿ_ಹುದುಗು
ಬಹಳ ಜನ ಟ್ಯೂಬ್ ಕಳೆದುಕೊಳ್ಳುವುದು ಅಲ್ಲೇ, ಅಣ್ಣ. ಫ್ರಾಸ್ಟ್ ಫ್ರೀ ಅಂದರೆ ಹಿಂದಿನ ಕಾಯಿಲ್ ಮೇಲೆ ಕಟ್ಟುವ ಮಂಜನ್ನು ಆಗಾಗ ಹೀಟರ್ ಹಾಕಿ ಕರಗಿಸುವ ವ್ಯವಸ್ಥೆ. ಆ ಹೊತ್ತಿಗೆ ಒಳಗಿನ ಗಾಳಿ ಬಿಸಿಯಾಗುತ್ತದೆ. ಮಟನ್ನಿಗೆ ಅದು ಲೆಕ್ಕಕ್ಕಿಲ್ಲ, 10 ಮಿಲಿ ಟ್ಯೂಬಿಗೆ ಲೆಕ್ಕವಿದೆ. ಪೂರ್ತಿ ಕರಗದಿದ್ದರೂ ಚಿಕ್ಕ ಹರಳುಗಳು ಸೇರಿ ದೊಡ್ಡದಾಗುತ್ತವೆ, ಪ್ರತಿ ಏರಿಳಿತಕ್ಕೂ ಒಂದಿಷ್ಟು ಕೋಶ ಹೋಗುತ್ತದೆ.

ಪರಿಹಾರ ಸುಲಭ. 1 ಲೀಟರ್ ನೀರಿಗೆ 150 ಗ್ರಾಂ ಉಪ್ಪು ಕರಗಿಸಿ ಚಿಕ್ಕ ಪ್ಲಾಸ್ಟಿಕ್ ಬಾಟಲಿಗಳಿಗೆ ಮುಕ್ಕಾಲು ತುಂಬಿ. ಈ ಉಪ್ಪುನೀರು ಗಟ್ಟಿಯಾಗಲು ಶುರುವಾಗುವುದು ಮೈನಸ್ 9ರ ಹತ್ತಿರ. ಬರೀ ನೀರಿನ ಐಸ್ ಸೊನ್ನೆ ಡಿಗ್ರಿಯಲ್ಲಿ ಕರಗುತ್ತದೆ, ಅಷ್ಟರಲ್ಲಿ ಟ್ಯೂಬು ಎಂದೋ ಕರಗಿ ಹೋಗಿರುತ್ತದೆ. ಥರ್ಮೋಕೋಲ್ ಡಬ್ಬಿಯೊಳಗೆ ಸುತ್ತ ಉಪ್ಪುನೀರಿನ ಬಾಟಲಿ, ನಡುವೆ ಟ್ಯೂಬ್. ಡಬ್ಬಿ ಫ್ರೀಜರಿನ ಒಳಮೂಲೆಯಲ್ಲಿರಲಿ, ಬಾಗಿಲಿನಲ್ಲಿ ಬೇಡ.

ಒಂದು ಬಾಗಿಲಿನ ಹಳೇ ಫ್ರಿಜ್ ಇರುವವರಿಗೆ ಬೇರೆ ಸಮಸ್ಯೆ. ಅದರಲ್ಲಿ ಹೀಟರ್ ಕಾಟವಿಲ್ಲ, ಆದರೆ ಮೇಲಿನ ಐಸ್ ಖಾನೆ ಮೈನಸ್ 18ಕ್ಕೆ ಇಳಿಯುತ್ತದೆ ಅಂತ ಭರವಸೆಯೂ ಇಲ್ಲ. ಥರ್ಮಾಮೀಟರ್ ಇಟ್ಟು ನೋಡಿ. ಮೈನಸ್ 8 ತೋರಿಸಿದರೆ 25 ಶೇಕಡಾ ಗ್ಲಿಸರಿನ್ ಟ್ಯೂಬ್ ಅಲ್ಲಿ ಗಟ್ಟಿಯೇ ಆಗುವುದಿಲ್ಲ. ಅಂಥದ್ದರಲ್ಲಿ ಫ್ರೀಜಿಂಗ್ ಕೈಬಿಟ್ಟು ಸ್ಲ್ಯಾಂಟಿಗೆ (ಟ್ಯೂಬಿನಲ್ಲಿ ಓರೆಯಾಗಿ ಗಟ್ಟಿ ಮಾಡಿದ ಅಗಾರ್ ಜೆಲ್ಲಿಯ ಮೇಲೆ ಯೀಸ್ಟ್ ಬೆಳೆಸಿಡುವುದು) ಹೋಗುವುದು ಲೇಸು.

ಕುಶಾಲನಗರ_ಗ್ರಾವಿಟಿ
ಟ್ಯೂಬ್ ಸಂಖ್ಯೆಗಿಂತ ಟ್ಯೂಬಿನಲ್ಲಿ ಬದುಕಿರುವುದೆಷ್ಟು ಅನ್ನುವುದು ಮುಖ್ಯ. ಏಲ್‌ಗೆ ಸಾಮಾನ್ಯ ಲೆಕ್ಕ ಮಿಲಿಲೀಟರಿಗೆ, ಪ್ಲೇಟೋ ಡಿಗ್ರಿಗೆ (ವರ್ಟಿನ, ಅಂದರೆ ಹುದುಗಿಸುವ ಮಾಲ್ಟ್ ದ್ರಾವಣದ, ಸಕ್ಕರೆ ಅಂಶದ ಅಳತೆ) 7.5 ಲಕ್ಷ ಕೋಶ. 12 ಪ್ಲೇಟೋದ 20 ಲೀಟರಿಗೆ 18,000 ಕೋಟಿ. ಲಾಗರ್‌ಗೆ ಅದರ ದುಪ್ಪಟ್ಟು. ಗಟ್ಟಿ ಗಸಿಯಲ್ಲಿ ಮಿಲಿಗೆ 100ರಿಂದ 200 ಕೋಟಿ ಅಂದುಕೊಂಡರೂ 5 ಮಿಲಿಯಲ್ಲಿ ಹೆಚ್ಚೆಂದರೆ 1,000 ಕೋಟಿ. ಫ್ರೀಜರ್‌ನಲ್ಲಿ ಅರ್ಧ ಹೋಯಿತು ಅಂತಿಟ್ಟುಕೊಳ್ಳಿ, ಉಳಿದದ್ದು 500 ಕೋಟಿ. ನೇರವಾಗಿ 20 ಲೀಟರಿಗೆ ಸುರಿದರೆ ಏನಾಗುತ್ತದೆ ಅಂತ ಬೇರೆ ಹೇಳಬೇಕಿಲ್ಲ.

ಎಬ್ಬಿಸುವ ಕ್ರಮ ಹೀಗೆ. ಟ್ಯೂಬನ್ನು 25ರಿಂದ 30 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿ ಹಿಡಿದು ಬೇಗ ಕರಗಿಸಿ. ಗಟ್ಟಿ ಮಾಡುವಾಗ ನಿಧಾನ, ಕರಗಿಸುವಾಗ ಬೇಗ. ಮೊದಲ ಹಂತಕ್ಕೆ 200 ಮಿಲಿ ನೀರಿಗೆ 14 ಗ್ರಾಂ ಮಾಲ್ಟ್, ಅಂದರೆ 1.025ರಷ್ಟು ತೆಳು ವರ್ಟ್, ಜೊತೆಗೆ ಚಿಟಿಕೆ ಯೀಸ್ಟ್ ನ್ಯೂಟ್ರಿಯೆಂಟ್. ನಿತ್ರಾಣವಾಗಿರುವ ಯೀಸ್ಟಿಗೆ 1.040ರ ದಪ್ಪ ವರ್ಟ್ ಕೊಟ್ಟರೆ ಸಕ್ಕರೆಯ ಒತ್ತಡವೇ ಅದಕ್ಕೆ ಹೊರೆ. ಎರಡು ದಿನ ಬಿಡಿ. ಆಮೇಲೆ 1.5 ಲೀಟರಿಗೆ 150 ಗ್ರಾಂ ಮಾಲ್ಟ್ ಹಾಕಿದ ಎರಡನೇ ಹಂತ. ಸ್ಟರ್ ಪ್ಲೇಟ್ (ಅಯಸ್ಕಾಂತ ತಿರುಗಿಸಿ ದ್ರವವನ್ನು ಕಲಕುತ್ತಲೇ ಇರುವ ಸಾಧನ) ಮೇಲೆ ಇದು 20 ಲೀಟರ್ ಏಲ್‌ಗೆ ಸಾಕಾಗುತ್ತದೆ. ಕಲಕದೆ ಸುಮ್ಮನೆ ಇಟ್ಟರೆ ಬೆಳೆ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ, ಆಗ ಇನ್ನೊಂದು ಹಂತ ಬೇಕು. ಸ್ಟರ್ ಪ್ಲೇಟ್ ಕೊಳ್ಳಬೇಕಾಗಿಲ್ಲ: 12 ವೋಲ್ಟಿನ ಕಂಪ್ಯೂಟರ್ ಫ್ಯಾನು, ಅದರ ಗುಂಬದ ಮೇಲೆ ಅಂಟಿಸಿದ ಎರಡು ಅಯಸ್ಕಾಂತ, ವೇಗ ತಗ್ಗಿಸಲು ಒಂದು ರೆಗ್ಯುಲೇಟರ್.

ಮಾಲ್ಟ್ ಇಲ್ಲವೆಂದು ಬೆಲ್ಲದ ನೀರಿನಲ್ಲಿ ಬೆಳೆಸುವವರಿದ್ದಾರೆ. ಬೆಳೆಯುತ್ತದೆ, ಆದರೆ ಸಾರಜನಕದ ಕೊರತೆ. ಮೇಲಾಗಿ ಸುಲಭದ ಸಕ್ಕರೆಗೆ ಒಗ್ಗಿದ ಯೀಸ್ಟ್ ಮಾಲ್ಟಿನ ಸಕ್ಕರೆಯಾದ ಮಾಲ್ಟೋಸ್ ಎದುರಾದಾಗ ತಡವರಿಸುತ್ತದೆ.

ಕಾಫಿಕಣ_ಪೊನ್ನಂಪೇಟೆ
ಎಬ್ಬಿಸಿದ ಟ್ಯೂಬಿನಲ್ಲಿ 36 ಗಂಟೆಯಾದರೂ ನೊರೆ ಬರದಿದ್ದರೆ ಸತ್ತಿದೆ ಅಂತಲೇ?

ಕುಶಾಲನಗರ_ಗ್ರಾವಿಟಿ
ನೊರೆ ಸಾಕ್ಷಿಯಲ್ಲ. 200 ಮಿಲಿಯಲ್ಲಿ ಎಷ್ಟೋ ಸಲ ನೊರೆಯೇ ಏಳದೆ ಕೆಲಸ ಮುಗಿದಿರುತ್ತದೆ. ಬಾಟಲಿ ಅಲ್ಲಾಡಿಸಿ ನೋಡಿ, ಮಜ್ಜಿಗೆಯ ಹಾಗೆ ಬೆಳ್ಳಗೆ ಕದಡಿದರೆ ಬೆಳೆದಿದೆ. ಖಚಿತ ಬೇಕಾದರೆ ಗ್ರಾವಿಟಿ ಅಳೆಯಿರಿ. ಮೂರು ದಿನಕ್ಕೂ 1.025ರಲ್ಲೇ ನಿಂತಿದ್ದರೆ ಚೆಲ್ಲಿ.

ಲ್ಯಾಬ್‌ಕೋಟು_ಮಡಿಕೇರಿ
400 ಪಟ್ಟಿನ ಸೂಕ್ಷ್ಮದರ್ಶಕ ಸಿಗುವವರಿಗೆ ಮೆಥಿಲೀನ್ ಬ್ಲೂ ಇದೆ. 0.01 ಶೇಕಡಾ ದ್ರಾವಣ ಒಂದು ಹನಿ, ತೆಳು ಮಾಡಿದ ಯೀಸ್ಟ್ ಒಂದು ಹನಿ, ಕೆಲವು ನಿಮಿಷ ಬಿಟ್ಟು ನೋಡಿ. ಸತ್ತ ಕೋಶ ಕಡು ನೀಲಿ, ಬದುಕಿದ್ದು ಬಣ್ಣವನ್ನು ಕಳೆದು ಬಿಳಿಯಾಗೇ ಇರುತ್ತದೆ. ಆದರೆ ಬದುಕಿನ ಪ್ರಮಾಣ 80 ಶೇಕಡಾಕ್ಕಿಂತ ಇಳಿದಾಗ ಈ ಪರೀಕ್ಷೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಹಳೇ ಫ್ರೀಜರ್ ಟ್ಯೂಬಿನ ವಿಷಯದಲ್ಲಿ ಅದು ಹೇಳಿದ್ದನ್ನು ಪೂರ್ತಿ ನಂಬಬೇಡಿ.

ಸಂಪಾಜೆಘಾಟಿ
ಸರಿ, ಒಪ್ಪಿದೆ. ಆದರೆ ಕಕ್ಕಡ ತಿಂಗಳ ಮಳೆಗೆ ಕರೆಂಟು ಮೂರು ದಿನ ಹೋದರೆ ಉಪ್ಪುನೀರು, ಥರ್ಮೋಕೋಲ್ ಎಲ್ಲ ಎಷ್ಟು ಹೊತ್ತು ತಡೆಯುತ್ತದೆ? ಇನ್ವರ್ಟರಿಗೆ ಫ್ರಿಜ್ ಕೊಟ್ಟರೆ ಕಂಪ್ರೆಸರ್ ಶುರುವಾಗುವ ಎಳೆತಕ್ಕೆ ಚಿಕ್ಕ ಇನ್ವರ್ಟರ್ ಟ್ರಿಪ್ ಆಗುತ್ತದೆ.

ಹಾರಂಗಿ_ಹುದುಗು
ತುಂಬಿದ ಫ್ರೀಜರ್ ಬಾಗಿಲು ತೆರೆಯದೆ ಬಿಟ್ಟರೆ ಒಂದು ದಿನ, ಚೆಸ್ಟ್ ಫ್ರೀಜರ್ ಆದರೆ ಎರಡು ದಿನದವರೆಗೆ. ಮೂರು ದಿನಕ್ಕೆ ಯಾವುದೂ ನಿಲ್ಲುವುದಿಲ್ಲ. ಟ್ಯೂಬ್ ಪೂರ್ತಿ ಕರಗಿದ್ದರೆ ಕರೆಂಟ್ ಬಂದ ಮೇಲೆ ಮತ್ತೆ ಗಟ್ಟಿಯಾಗಲು ಬಿಡಬೇಡಿ, ಎರಡನೇ ಪೆಟ್ಟಿಗೆ ಉಳಿಯುವುದು ಅತಿ ಕಡಿಮೆ. ಹೊರಗೆ ತೆಗೆದು ಫ್ರಿಜ್‌ನ ಕೆಳಭಾಗಕ್ಕೆ ಹಾಕಿ, ಒಂದೆರಡು ವಾರದೊಳಗೆ ಒಂದು ಟ್ಯೂಬಿನಿಂದ ಸ್ಟಾರ್ಟರ್ (ಹಂತಹಂತವಾಗಿ ಬೆಳೆಸಿದ ಯೀಸ್ಟ್) ಮಾಡಿ ಹೊಸ ಸೆಟ್ ತುಂಬಿ. ಕರಗಿತ್ತೋ ಇಲ್ಲವೋ ತಿಳಿಯಲು ಡಬ್ಬಿಯೊಳಗೆ ಒಂದು ಗುರುತು ಟ್ಯೂಬ್ ಇಡಿ: ಅದೇ ಉಪ್ಪುನೀರು ಅರ್ಧ ತುಂಬಿ, ನೆಟ್ಟಗೆ ನಿಲ್ಲಿಸಿ ಗಟ್ಟಿ ಮಾಡಿ, ಆಮೇಲೆ ತಲೆಕೆಳಗಾಗಿ ಇಡಿ. ನೀರು ಮುಚ್ಚಳದ ಕಡೆಗೆ ಇಳಿದಿದ್ದರೆ ಕರಗಿತ್ತು ಅಂತ ಅರ್ಥ.

ನನ್ನ ಪ್ರಕಾರ ಕೊಡಗಿನಲ್ಲಿ ಫ್ರೀಜರ್ ಒಂದನ್ನೇ ನಂಬಿ ತಳಿ ಇಡುವುದು ಅವಿವೇಕ. ಕರೆಂಟ್ ಬೇಡದ ಒಂದು ಪ್ರತಿ ಇರಲೇಬೇಕು.

ಲ್ಯಾಬ್‌ಕೋಟು_ಮಡಿಕೇರಿ
ಅದಕ್ಕೆ ನೀರಿನ ಟ್ಯೂಬ್ ಇದೆ. ಇಟಲಿಯ ಆಲ್ಡೊ ಕಾಸ್ಟೆಲಾನಿ 1939ರಲ್ಲಿ ಶಿಲೀಂಧ್ರಗಳನ್ನು ಬರೀ ಬಟ್ಟಿ ಇಳಿಸಿದ ನೀರಿನಲ್ಲಿ ಬದುಕಿಸಿಟ್ಟು ತೋರಿಸಿದ ವಿಧಾನ. ತಿನ್ನಲು ಏನೂ ಇಲ್ಲದಾಗ ಕೋಶ ಬೆಳವಣಿಗೆ ನಿಲ್ಲಿಸಿ ಮಲಗುತ್ತದೆ. ಬಿಯರ್ ಯೀಸ್ಟಿಗೆ ಒಂದೆರಡು ವರ್ಷ ಧಾರಾಳ.

ಮೆಡಿಕಲ್ ಶಾಪಿನಲ್ಲಿ ಇಂಜೆಕ್ಷನ್‌ಗೆ ಬೆರೆಸುವ ಸ್ಟೆರೈಲ್ ವಾಟರ್ 5, 10 ಮಿಲಿಯ ಪ್ಲಾಸ್ಟಿಕ್ ಆಂಪೂಲ್‌ನಲ್ಲಿ ಸಿಗುತ್ತದೆ. ಕುಕ್ಕರ್ ಕೆಲಸವೂ ಉಳಿಯಿತು. ಬ್ಯಾಟರಿಗೆ ಹಾಕುವ ನೀರು ಬೇಡ. ಬೇಯಿಸಿ ಶುದ್ಧ ಮಾಡಿದ ಟ್ಯೂಬಿಗೆ 3 ಮಿಲಿ ನೀರು, ಅದಕ್ಕೆ ಸ್ಲ್ಯಾಂಟಿನಿಂದ ತಂತಿಯ ತುದಿಯಷ್ಟೇ ಯೀಸ್ಟ್. ನೀರು ಮಬ್ಬಾದಂತೆ ಕಂಡರೆ ಸಾಕು, ಹಾಲಿನಂತಾದರೆ ಹೆಚ್ಚಾಯಿತು. ಹೆಚ್ಚಾದರೆ ಸತ್ತ ಕೋಶದಿಂದ ಸೋರುವ ಸಾರವೇ ಉಳಿದವುಗಳಿಗೆ ಆಹಾರ, ನಿದ್ದೆ ಕೆಡುತ್ತದೆ. ಮುಚ್ಚಳ ಬಿಗಿಸಿ, ಕೊಳಾಯಿಗೆ ಸುತ್ತುವ ಟೆಫ್ಲಾನ್ ಟೇಪ್ ಎರಡು ಸುತ್ತು ಸುತ್ತಿ ಕಪಾಟಿನ ಕತ್ತಲಲ್ಲಿಡಿ. ಫ್ರಿಜ್ ಇದ್ದರೆ ಇನ್ನೂ ಒಳ್ಳೆಯದು, ಇಲ್ಲದಿದ್ದರೂ ಮಡಿಕೇರಿಯ ತಂಪಿಗೆ ಏನೂ ಆಗುವುದಿಲ್ಲ. ತೊಂದರೆ ಒಂದೇ: ಇದರಲ್ಲಿ ಇರುವ ಕೋಶ ತೀರಾ ಕಡಿಮೆ. ಮೊದಲು 10 ಮಿಲಿ, ಆಮೇಲೆ 100, ಆಮೇಲೆ 1 ಲೀಟರ್, ಹೀಗೆ ಹತ್ತು ಪಟ್ಟಿನಂತೆ ಏರಬೇಕು. ವಾರ ಹಿಡಿಯುತ್ತದೆ.

ನಾಪೋಕ್ಲು_ಭರಣಿ
ಸ್ಲ್ಯಾಂಟ್ ಮಾಡಲು ಬೇಕಾದ ಅಗಾರ್ ಅಂದರೆ ಅಂಗಡಿಯ ಚೈನಾ ಗ್ರಾಸೇ ಅಲ್ಲವಾ?

ಲ್ಯಾಬ್‌ಕೋಟು_ಮಡಿಕೇರಿ
ಅದೇ. ಎಳೆಗಿಂತ ಪುಡಿ ಒಳ್ಳೆಯದು. 100 ಮಿಲಿ ನೀರಿಗೆ 10 ಗ್ರಾಂ ಮಾಲ್ಟ್, 2 ಗ್ರಾಂ ಪುಡಿ. ಕುದಿಸಿ ಕರಗಿಸಿ, ಟ್ಯೂಬಿನ ಮೂರನೇ ಒಂದು ಭಾಗ ತುಂಬಿ, ಮುಚ್ಚಳ ಕಾಲು ಸುತ್ತು ಸಡಿಲ ಬಿಟ್ಟು ಕುಕ್ಕರಿಗೆ. ಟ್ಯೂಬಿನ ತ್ರಿಕೋನದಲ್ಲಿ 5 ಅಂತ ಇದ್ದರೆ ಪಾಲಿಪ್ರೊಪಿಲೀನ್, ಬಿಸಿ ತಡೆಯುತ್ತದೆ. 6 ಇದ್ದರೆ ಸೊಟ್ಟಗಾಗುತ್ತದೆ. ಇಳಿಸಿ ಬಿಸಿಯಿರುವಾಗಲೇ ಓರೆಯಾಗಿ ಮಲಗಿಸಿ, ಗಟ್ಟಿಯಾದ ಮೇಲೆ ಮುಚ್ಚಳ ಬಿಗಿಸಿ.

ಇಲ್ಲಿ ಎಲ್ಲರೂ ಮರೆಯುವ ಒಂದು ಸಂಗತಿ ಇದೆ. ಪುಸ್ತಕದಲ್ಲಿ 121 ಡಿಗ್ರಿ, 15 ನಿಮಿಷ ಅಂತ ಇರುತ್ತದೆ. ಮಡಿಕೇರಿ ಸಮುದ್ರಮಟ್ಟದಿಂದ 1,150 ಮೀಟರಿಗೂ ಮೇಲೆ. ಇಲ್ಲಿ ನೀರು ಕುದಿಯುವುದೇ 96ರ ಹತ್ತಿರ. ಕುಕ್ಕರಿನ ವೆಯ್ಟ್ ಹೊರಗಿನ ಗಾಳಿಗಿಂತ ಇಂತಿಷ್ಟು ಹೆಚ್ಚು ಒತ್ತಡ ಅಂತ ಹಿಡಿಯುವುದರಿಂದ ಒಳಗಿನ ಬಿಸಿ ಸುಮಾರು 118ಕ್ಕೇ ನಿಲ್ಲುತ್ತದೆ. ಮೂರು ಡಿಗ್ರಿ ಅಂತ ತಾತ್ಸಾರ ಬೇಡ, ಬ್ಯಾಕ್ಟೀರಿಯಾ ಬೀಜಕಗಳ ವಿಷಯದಲ್ಲಿ ಅದು ಬೇಯಿಸುವ ಹೊತ್ತನ್ನು ದುಪ್ಪಟ್ಟು ಮಾಡುತ್ತದೆ. ವೆಯ್ಟ್ ಎದ್ದ ಮೇಲೆ ಉರಿ ಸಣ್ಣ ಮಾಡಿ 30 ನಿಮಿಷ. ಪೂರ್ತಿ ಒತ್ತಡ ತಾನಾಗಿ ಇಳಿಯಲಿ, ವೆಯ್ಟ್ ಎತ್ತಿ ಆವಿ ಬಿಟ್ಟರೆ ಟ್ಯೂಬುಗಳು ಉಕ್ಕುತ್ತವೆ. ಬರೀ ಕುದಿಸಿದ ವರ್ಟನ್ನು ಬಾಟಲಿಗೆ ತುಂಬಿ ಕಪಾಟಿನಲ್ಲಿಡುವ ಅಭ್ಯಾಸ ಯಾರಿಗಾದರೂ ಇದ್ದರೆ ನಿಲ್ಲಿಸಿ, ಬಾಟ್ಯುಲಿಸಂ ಅಪಾಯ ಇರುವುದು ಅಂಥದ್ದರಲ್ಲೇ.

ಕುಶಾಲನಗರ_ಗ್ರಾವಿಟಿ
ಮಳೆಗಾಲದಲ್ಲಿ ಸ್ಲ್ಯಾಂಟ್ ಮಾಡದಿರುವುದೇ ವಾಸಿ. ಜುಲೈನಲ್ಲಿ ಗೋಡೆ, ಚಪ್ಪಲಿ, ಬೆಲ್ಟಿನ ಮೇಲೆಲ್ಲ ಬೂಷ್ಟು. ಅದರ ಬೀಜಕ ಗಾಳಿಯಲ್ಲೇ ಇರುತ್ತದೆ. ಜನವರಿ, ಫೆಬ್ರವರಿಯ ಒಣ ಹವೆಯಲ್ಲಿ ವರ್ಷಕ್ಕೆ ಬೇಕಾದಷ್ಟು ಮಾಡಿಡಿ. ಕಿಟಕಿ ಹಾಕಿ, ಫ್ಯಾನ್ ಆರಿಸಿ, ಸ್ಪಿರಿಟ್ ದೀಪದ ಪಕ್ಕದಲ್ಲಿ ಕೆಲಸ. ಕೈಗೆ, ಮೇಜಿಗೆ 70 ಶೇಕಡಾ ಐಸೊಪ್ರೊಪೈಲ್. 99ರದ್ದು ಹೆಚ್ಚು ಬಲ ಅಂತ ಅಂದುಕೊಳ್ಳುತ್ತಾರೆ, ಅದು ಬೇಗ ಆರಿಹೋಗುತ್ತದೆ, ಕೋಶದೊಳಗೆ ಇಳಿಯಲು ನೀರೂ ಬೇಕು. ಹಚ್ಚಿದ್ದು ಪೂರ್ತಿ ಆರಿದ ಮೇಲೆಯೇ ದೀಪದ ಹತ್ತಿರ ಕೈ ತನ್ನಿ.

ಸ್ಲ್ಯಾಂಟಿನ ಮೇಲೆ ನುಣುಪಾದ, ಬೆಣ್ಣೆ ಬಣ್ಣದ ಬೆಳೆ ಇದ್ದರೆ ಸರಿ. ಹಸಿರು, ಕಪ್ಪು, ಹತ್ತಿಯಂಥದ್ದು ಕಂಡರೆ ಮುಚ್ಚಳ ತೆರೆಯದೆ ಟ್ಯೂಬ್ ಸಮೇತ ಕುಕ್ಕರಿಗೆ ಹಾಕಿ ಬೇಯಿಸಿ ಎಸೆಯಿರಿ. ಒಳ್ಳೆಯ ಸ್ಲ್ಯಾಂಟನ್ನೂ ಫ್ರಿಜ್‌ನಲ್ಲಿ ನಾಲ್ಕೈದು ತಿಂಗಳಿಗೊಮ್ಮೆ ಹೊಸದಕ್ಕೆ ಸಾಗಿಸಬೇಕು. ಸಾಗಿಸುತ್ತಾ ಹೋದಂತೆ ಗುಣ ಬದಲಾಗುತ್ತದೆ. ಉಸಿರಾಟ ಕಳೆದುಕೊಂಡ ಪೆಟೀಟ್ ಕೋಶಗಳು ಹೆಚ್ಚಿದರೆ ಹುದುಗು ಅರ್ಧಕ್ಕೆ ನಿಲ್ಲುವುದು, ಬೆಣ್ಣೆಯ ವಾಸನೆ ಉಳಿಯುವುದು ಶುರು.

ಕಾಫಿಕಣ_ಪೊನ್ನಂಪೇಟೆ
ಹಾಗಾದರೆ ಒಂದು ಪ್ಯಾಕೆಟ್ಟಿನಿಂದ ಎಂಟು ಗ್ಲಿಸರಿನ್ ಟ್ಯೂಬ್, ಎರಡು ಸ್ಲ್ಯಾಂಟ್, ಮೂರು ನೀರಿನ ಟ್ಯೂಬ್ ಅಂತ ಮಾಡುತ್ತೇನೆ. ಗ್ಲಿಸರಿನ್ ಟ್ಯೂಬಿಗೆ ಎಷ್ಟು ತಿಂಗಳ ಆಯಸ್ಸು ಅಂತ ಇಟ್ಟುಕೊಳ್ಳಲಿ?

ಹಾರಂಗಿ_ಹುದುಗು
ಮನೆಯ ಮೈನಸ್ 18ಕ್ಕೆ ಆರು ತಿಂಗಳು ನಿಶ್ಚಿಂತೆ, ಒಂದು ವರ್ಷ ಆಶೆ. ಪುಣೆಯ ಎನ್‌ಸಿಐಎಂ, ಚಂಡೀಗಢದ ಎಂಟಿಸಿಸಿಯಂಥ ತಳಿ ಸಂಗ್ರಹಗಳು ವರ್ಷಗಟ್ಟಲೆ ಇಡುವುದು ಇನ್ನೂ ಆಳದ ಚಳಿಯಲ್ಲಿ, ಇಲ್ಲವೇ ನಿರ್ವಾತದಲ್ಲಿ ಒಣಗಿಸಿ. ಅದಕ್ಕೂ ನಮ್ಮ ಫ್ರೀಜರಿಗೂ ಹೋಲಿಕೆ ಇಲ್ಲ. ಬಳಸುವಾಗ ಒಂದು ನಿಯಮ ಇಟ್ಟುಕೊಳ್ಳಿ ಅಣ್ಣ: ಎಂಟರಲ್ಲಿ ಕೊನೆಯ ಎರಡನ್ನು ಬಿಯರಿಗೆ ಬಳಸದೆ ಹೊಸ ಸೆಟ್ ತುಂಬಲು ಮೀಸಲಿಡಿ. ಆ ಸೆಟ್ಟನ್ನು ಏಪ್ರಿಲ್ ಒಳಗೆ ತುಂಬಿ, ಮಳೆ ಹಿಡಿದ ಮೇಲೆ ಬೇಡ.

ಟ್ಯೂಬಿನ ಮೇಲೆ ತಳಿ, ತಾರೀಕು, ಎಷ್ಟನೇ ಪೀಳಿಗೆ ಅಂತ ಪೆನ್ಸಿಲಿನಲ್ಲಿ ಚೀಟಿ ಬರೆದು ಮೇಲೆ ಸೆಲೋಟೇಪ್ ಹಾಕಿ. ಮಾರ್ಕರಿನ ಶಾಯಿ ಐಸೊಪ್ರೊಪೈಲ್ ತಾಗಿದ ಕೂಡಲೇ ಅಳಿಸಿಹೋಗುತ್ತದೆ.

ನಾಪೋಕ್ಲು_ಭರಣಿ
ವೈನ್ ಯೀಸ್ಟಿಗೂ ನೀರಿನ ಟ್ಯೂಬ್ ಆಗುತ್ತದಾ?

ಲ್ಯಾಬ್‌ಕೋಟು_ಮಡಿಕೇರಿ
ಆಗುತ್ತದೆ ಅಕ್ಕ, ಅದೂ ಅದೇ ಜಾತಿಯ ಯೀಸ್ಟೇ. ಆದರೆ ಒಣ ಪ್ಯಾಕೆಟ್ಟಿನ ಕಾಳನ್ನು ನೇರ ನೀರಿಗೆ ಹಾಕಬೇಡಿ, ಒಮ್ಮೆ ಸ್ಲ್ಯಾಂಟಿನ ಮೇಲೆ ಬೆಳೆಸಿ ಅಲ್ಲಿಂದ ತೆಗೆಯಿರಿ.